ಗುಲಾಬಿಯಾದ ನೀಲಿ ಕಾಳು

ಆ ಸೋಮವಾರವೂ ಎಲ್ಲ ದಿನದಂತೆಯೇ ಶುರುವಾಯಿತು. ಎದ್ದು ಕೂದಲು ಗಂಟು ಕಟ್ಟಿ, ಮೆಟ್ಟಿಲ ಮೇಲಿದ್ದ ಹಾಲಿನ ಪಾಕೀಟು ತಂದು ತೊಳೆದು ಪಾತ್ರೆಗೆ ಸುರಿದೆ. ಒಂದು ಒಲೆಯ ಮೇಲೆ ಹಾಲು, ಇನ್ನೊಂದರ ಮೇಲೆ ರೊಟ್ಟಿ ಹಿಟ್ಟಿಗೆ ನೀರು. ಶ್ರಾವಣದ ಮಳೆ ಮೂರು ದಿನದಿಂದ ಹಿಡಿದೇ ಇತ್ತು. ಉಪ್ಪಿನ ಡಬ್ಬಿಯಲ್ಲಿ ಉಪ್ಪು ಗಂಟಾಗಿತ್ತು, ಒಲೆಗೆ ಗೀರಿದ ಮೂರು ಕಡ್ಡಿ ಹೊತ್ತದೆ ಮುರಿದವು. ಖೂಬಾ ಪ್ಲಾಟ್ ಬಡಾವಣೆಯ ನಮ್ಮ ಮನೆಯಲ್ಲಿ ಬೇಸಿಗೆಗೆ ಹಪ್ಪಳ ಒಂದೇ ಬಿಸಿಲಿಗೆ ಒಣಗುತ್ತದೆ, ಈ ಒಂದೆರಡು ತಿಂಗಳು ಮಾತ್ರ ಗೋಡೆಯೂ ಬೆವರುತ್ತದೆ.

ಸ್ನಾನಕ್ಕೆ ಹೋದಾಗ ಗೇಟಿನ ಚಿಲಕ ಬಿದ್ದ ಸದ್ದು ಕೇಳಿತು. ಸ್ನಾನ ಮುಗಿಯುವಷ್ಟರಲ್ಲಿ ಮತ್ತೊಮ್ಮೆ. ಹಾಲಿನವನು ಆಗಲೇ ಬಂದುಹೋಗಿದ್ದ. ನನ್ನ ಗಂಡ ಎಸಿ ಹಾಕಿಕೊಂಡು ಮುಸುಕಿನಲ್ಲಿದ್ದರು. ಪೇಪರಿನವನಿಗೆ ಇನ್ನೂ ಹೊತ್ತಿತ್ತು. ಹಾಗಾದರೆ ಹೋದವರು ಯಾರು, ಬಂದವರು ಯಾರು?

ಹೊರಗೆ ಬಂದು ನೋಡಿದರೆ ಪಡಸಾಲೆಯ ನೆಲದ ಮೇಲೆ ಒದ್ದೆ ಹೆಜ್ಜೆಗಳು. ಬಾಗಿಲಿನಿಂದ ಮೇಜಿನವರೆಗೆ, ಮೇಜಿನಿಂದ ಮಹಡಿಯ ಮೆಟ್ಟಿಲವರೆಗೆ. ಹೆಂಗಸಿನ ಪಾದ. ಮೇಜಿನ ಮೇಲೆ ಹಿಂದಿನ ಸಂಜೆ ನಾನೇ ಇಟ್ಟಿದ್ದ ಎರಡು ವಸ್ತುಗಳಿದ್ದವು. ಒಂದು ಕೂಸಿನ ಅಂಗಿ ಕುಲಾವಿಗಳ ಬುಟ್ಟಿ, ಇನ್ನೊಂದು ನನ್ನ ಕ್ಯಾಮೆರಾದ ಚೀಲ. ಬುಟ್ಟಿ ಇದ್ದ ಹಾಗೇ ಇತ್ತು. ಚೀಲದ ಜಿಪ್ ಮಾತ್ರ ಬಲತುದಿಗಿತ್ತು. ನಾನು ಯಾವಾಗಲೂ ಎಡತುದಿಗೆ ಎಳೆದು ನಿಲ್ಲಿಸುತ್ತೇನೆ. ಚಿಕ್ಕಂದಿನಲ್ಲಿ ಕಾನ್ವೆಂಟಿನ ಬೋರ್ಡಿಂಗಿನಲ್ಲಿದ್ದಾಗ ಅಂಟಿದ ಅಭ್ಯಾಸ ಅದು. ಅಲ್ಲಿ ಎಲ್ಲರ ಚೀಲ ಒಂದೇ ಬಣ್ಣದ್ದು, ಗುರುತಿಗೆ ಇಂಥದ್ದೊಂದು ಬೇಕಾಗುತ್ತಿತ್ತು. ಅಲ್ಲಿಯ ಸಿಸ್ಟರ್ ಒಬ್ಬರು, ಏನಾದರೂ ಕಳೆಯಿತೆಂದು ಯಾರಾದರೂ ಅತ್ತರೆ, ಮೊದಲು ನಿನ್ನ ಡೆಸ್ಕ್ ನೋಡು, ಆಮೇಲೆ ಪಕ್ಕದವಳದು ನೋಡೋಣ ಎನ್ನುತ್ತಿದ್ದರು. ಅದರಂತೆ ಮೊದಲು ನನ್ನನ್ನೇ ಕೇಳಿಕೊಂಡೆ. ರಾತ್ರಿ ನಾನೇ ಬಲಕ್ಕೆ ಎಳೆದೆನೇ? ಇಲ್ಲ. ಎಡಕ್ಕೆ ಎಳೆದು ಅದರ ಬಾಲವನ್ನು ಒಳಗೆ ಮಡಚಿದ್ದು ಬೆರಳಿಗೇ ನೆನಪಿತ್ತು.

ಆ ದಿನ ಕಮಲಾಪುರದ ನನ್ನ ತವರಿನಲ್ಲಿ ನನ್ನ ತಂಗಿಯ ಕೂಸನ್ನು ತೊಟ್ಟಿಲಿಗೆ ಹಾಕುವುದಿತ್ತು. ಇದಕ್ಕೆ ಮುಂಚೆ ಒಂದು ಸಲ ಅವಳು ಬಸಿರಾಗಿದ್ದಳು. ಕುಬಸದ, ಅಂದರೆ ಸೀಮಂತದ ದಿನ ಬಂದವರೆಲ್ಲ ಮೊಬೈಲ್ ಹಿಡಿದು ನೂರಾರು ಫೋಟೋ ತೆಗೆದು ಊರಿಗೆಲ್ಲ ಹಂಚಿದರು. ಅದಾಗಿ ಕೆಲವೇ ವಾರಕ್ಕೆ ಆ ಜೀವ ಉಳಿಯಲಿಲ್ಲ. ಫೋಟೋಗೂ ಅದಕ್ಕೂ ಸಂಬಂಧವಿಲ್ಲವೆಂದು ಡಾಕ್ಟರು ಹೇಳಿದರು, ನಾನೂ ಹೇಳಿದೆ. ಅವ್ವ ಕೇಳಲಿಲ್ಲ. ಈ ಸಲ ಫೋನಿನಲ್ಲಿ ಕಟ್ಟಪ್ಪಣೆ ಮಾಡಿದ್ದಳು.

"ಮೊಬೈಲ್ ಒಂದೂ ಒಳಗ ಬರಬಾರ್ದು ನೋಡು. ಎಲ್ಲಾ ಬಾಗಲದಾಗ ಬುಟ್ಯಾಗ ಹಾಕ್ಬೇಕು. ನಿನ್ನ ಕ್ಯಾಮೆರಾ ಒಂದು ಬರ್ಲಿ. ಅದು ಸ್ಟೇಟಸ್‌ಕ ಹೋಗಾಂಗಿಲ್ಲಲ್ಲ?"

ತಂಗಿ ಅವ್ವನ ಕೈಯಿಂದ ಫೋನು ಇಸಿದುಕೊಂಡು ಮೆಲ್ಲಗೆ ಹೇಳಿದ್ದಳು. "ಅಕ್ಕಾ, ಹೆಸರಿಡೋ ಹೊತ್ತಿನ ಒಂದೇ ಒಂದು ಫೋಟೋ ಸಾಕು. ಆವಾಗಿನವು ಒಂದೂ ಉಳೀಲಿಲ್ಲ, ನಾನೇ ಅಳಿಸಿಬಿಟ್ಟೆ. ಇದೊಂದು ನನಗ ಬೇಕು."

ಹೀಗಾಗಿ ಆ ಒಂದು ಫೋಟೋ ಸಂಪೂರ್ಣ ನನ್ನ ಕೊರಳಿಗೆ ಬಿದ್ದಿತ್ತು.

ಮಹಡಿಯ ಮೇಲೆ ನನ್ನ ಮೈದುನನ ಸಂಸಾರ. ಮೈದುನನ ಹೆಂಡತಿ, ಅಂದರೆ ನನ್ನ ನೆಗೆಣ್ಣಿ, ನನಗಿಂತ ಹತ್ತು ವರ್ಷ ಚಿಕ್ಕವಳು. ಅವಳ ತಮ್ಮ ಮದುವೆ ಮುಂಜಿಗಳ ಫೋಟೋ ತೆಗೆಯುವವನು. ತೊಟ್ಟಿಲ ಸುದ್ದಿ ತಿಳಿದ ದಿನವೇ ಅವಳು, "ಅಕ್ಕಾ, ನಮ್ಮ ತಮ್ಮಗ ಹೇಳಲೇನು? ಅವನ ಬಲ್ಲಿ ಡ್ರೋನ್ ಸೈತ ಅದ" ಅಂದಿದ್ದಳು.

"ಕೂಸಿನ ತೊಟ್ಟಿಲ ಮ್ಯಾಲ ಡ್ರೋನ್ ಹಾರಿಸ್ತಾನೇನು?" ಎಂದು ನಾನು ನಕ್ಕಿದ್ದೆ. ಅವಳೂ ನಕ್ಕಿದ್ದಳು. ಆದರೆ ಸ್ವಲ್ಪ ತಡವಾಗಿ ನಕ್ಕಿದ್ದಳು. ಆಗ ಅದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಒದ್ದೆ ಹೆಜ್ಜೆಗಳನ್ನು ನೋಡುತ್ತ ನಿಂತಾಗ ನೆನಪಾಯಿತು.

ಚೀಲದ ಒಳಗೆ ಕ್ಯಾಮೆರಾ ಬರಿದೇ ಇರಲಿಲ್ಲ. ಅದರ ಸುತ್ತ ಬೆಳ್ಳಿ ಬಣ್ಣದ ದಪ್ಪನೆಯ ಇನ್ನೊಂದು ಚೀಲವಿತ್ತು, ಬಾಯಿ ಒತ್ತಿದರೆ ಗಾಳಿ ಆಡದಂತೆ ಮುಚ್ಚಿಕೊಳ್ಳುವಂಥದ್ದು. ಅದನ್ನು ಕೊಟ್ಟವರು ಮೋಮಿನಪುರದ ಓಣಿಯೊಂದರಲ್ಲಿ ಗಡಿಯಾರ ಮತ್ತು ಕ್ಯಾಮೆರಾ ರಿಪೇರಿ ಮಾಡುವ ಮುದುಕರು. ಹಿಂದಿನ ವರ್ಷ ನಾವು ಸಮುದ್ರದ ಕಡೆ ಪ್ರವಾಸ ಹೋಗಿದ್ದೆವು. ಲಾಡ್ಜಿನ ಎಸಿ ಕೋಣೆಯಿಂದ ನೇರ ದಂಡೆಗೆ ಹೋಗಿ ಕ್ಯಾಮೆರಾ ಎತ್ತಿದರೆ ಅದರ ಲೆನ್ಸಿನ ಕಾಜು ಹಾಲಿನಂತೆ ಬೆಳ್ಳಗೆ. ಸೆರಗಿನಿಂದ ಒರೆಸಿದೆ, ಮತ್ತೆ ಬೆಳ್ಳಗೆ. ಊರಿಗೆ ಬಂದ ಮೇಲೆ ಕಾಜಿನ ಒಳಗೆ ಸಣ್ಣ ಜೇಡರ ಬಲೆಯಂಥದ್ದು ಹಬ್ಬಿದ್ದು ಕಂಡು ಅವರ ಹತ್ತಿರ ಒಯ್ದೆ. ಅವರು ಕಣ್ಣಿಗೆ ಸಿಕ್ಕಿಸಿದ ದುರ್ಬೀನಿನಿಂದ ನೋಡಿ ನನ್ನ ಕಡೆ ತಿರುಗಿದರು.

"ಸೆರಗಲೆ ಒರಸೀರಿ ಅಲ್ಲ ಬಾಯೀಜಿ?"

ನನಗೆ ನಾಚಿಕೆಯಾಯಿತು.

"ನೋಡ್ರಿ, ಮಡಕ್ಯಾಗಿನ ಠಂಡಾ ನೀರು ಗಿಲಾಸಿಗಿ ಹಾಕಿದ್ರ ಗಿಲಾಸು ಹೊರಗ ಬೆವರ್ತದಿಲ್ಲ? ಗಿಲಾಸು ಸೋರ್ತದೇನು? ಇಲ್ಲ. ಹವಾದಾಗಿನ ಪಾನೀ ಬಂದು ಕೂಡ್ತದ. ಕ್ಯಾಮೆರಾ ಭೀ ಹಂಗೇ. ಠಂಡಿ ಕಮರಾದಾಗ ಇರೋವಾಗೇ ಥೈಲಿಯೊಳಗ ಬಂದ್ ಮಾಡ್ರಿ, ಆಮ್ಯಾಲ ಹೊರಗ ತರ್ರಿ. ಬೆವರೋದಿದ್ರ ಥೈಲಿ ಬೆವರ್ಲಿ. ಅರ್ಧಾ ತಾಸು ಸಬರ್ ಮಾಡಿ ತೆಗೀರಿ. ನಡುವ ತೆಗದು ತೆಗದು ನೋಡಬ್ಯಾಡ್ರಿ. ನೋಡೋ ಶೌಕದಾಗೇ ಅರ್ಧಾ ಕ್ಯಾಮೆರಾ ಖರಾಬ್ ಆಗ್ತಾವ."

ಅವರೇ ಒಂದು ಹಿಡಿ ನೀಲಿ ಕಾಳುಗಳನ್ನೂ ಕೊಟ್ಟರು. ಸಾಬೂದಾಣಿಯ ಗಾತ್ರದ, ಗಾಜಿನಂಥ ಕಾಳು. ತೆಳು ಬಟ್ಟೆಯಲ್ಲಿ ಕಟ್ಟಿ ಕ್ಯಾಮೆರಾದ ಪಕ್ಕ ಇಡಬೇಕು. ಒಳಗಿನ ಪಸೆಯನ್ನೆಲ್ಲ ಅವು ಕುಡಿಯುತ್ತವೆ. ನೀಲಿ ಇದ್ದರೆ ಇನ್ನೂ ಕುಡಿಯುವ ಶಕ್ತಿ ಇದೆಯೆಂದು ಅರ್ಥ, ಗುಲಾಬಿಯಾದರೆ ಹೊಟ್ಟೆ ತುಂಬಿತೆಂದು. ಆಗ ತವೆಯ ಮೇಲೆ ಸಣ್ಣ ಉರಿಯಲ್ಲಿ ಕಾಸಿದರೆ ಮತ್ತೆ ನೀಲಿ. "ರೊಟ್ಟಿ ತವಾ ಬ್ಯಾಡ ಬಾಯೀಜಿ, ಇದು ಜಹರ್, ವಿಷ" ಎಂದು ಎರಡೆರಡು ಸಲ ಹೇಳಿದ್ದರು. ಅದಕ್ಕೆಂದೇ ಹಿಡಿ ಮುರಿದ ಹಳೆಯ ತವೆಯೊಂದನ್ನು ಬೇರೆ ಇಟ್ಟಿದ್ದೇನೆ.

ಭಾನುವಾರ ಸಂಜೆ ಅವನ್ನು ಕಾಸುತ್ತ ಕೂತಾಗ ನೆಗೆಣ್ಣಿ ಕೆಳಗಿಳಿದು ಬಂದಿದ್ದಳು.

"ಇದೇನಕ್ಕಾ, ಸಾಬೂದಾಣಿಗಿ ನೀಲಿ ಹಚ್ಚಿ ಹುರಿಯಾಕತ್ತೀರಿ? ನಾಳಿ ಸೋಮವಾರದ ಉಪಾಸಕ್ಕೇನು?"

"ಇದು ಕ್ಯಾಮೆರಾದ ಔಷಧ. ನಿನಗ ತಿಳಿಯಾಂಗಿಲ್ಲ ಬಿಡು" ಅಂದೆ. ಕೆಲಸದ ಗಡಿಬಿಡಿ, ಅಷ್ಟೇ. ಅವಳು ಬಾಗಿಲ ಚೌಕಟ್ಟಿಗೆ ಒರಗಿ, ಕಾಳು ಒಂದೊಂದಾಗಿ ಬಣ್ಣ ತಿರುಗುವುದನ್ನು ನೋಡುತ್ತ ನಿಂತಳು. ಆಮೇಲೆ, "ಇಷ್ಟೆಲ್ಲಾ ಮಾಡಿದ್ರೂ ಫೋಟೋ ಕೆಟ್ರ ಅಕ್ಕಾ?" ಎಂದು ಕೇಳಿದಳು.

ಈ ಮಾತೂ ಬೆಳಿಗ್ಗೆ ನೆನಪಾಯಿತು.

ಹೊರಚೀಲದ ಜಿಪ್ ತೆಗೆದು ನೋಡಿದೆ. ಬೆಳ್ಳಿ ಚೀಲದ ಬಾಯಿ ಒತ್ತಿಯೇ ಇತ್ತು. ಅದನ್ನೂ ತೆರೆದು ನೋಡಿಬಿಡೋಣವೆಂದು ಕೈ ಹೋಯಿತು. ಹೊರಗೆ ಜಿಟಿಜಿಟಿ ಮಳೆ, ಒಳಗೆ ಅನ್ನದ ಕುಕ್ಕರಿನ ಹಬೆ. ಮುದುಕರ ಮಾತು ನೆನೆದು ಬಿಟ್ಟೆ. ಕಾಯಬೇಕಾದ ನಿಯಮವನ್ನು ಕಾಯ್ದೆ, ಅನುಮಾನವನ್ನು ಹಾಗೆಯೇ ಮುಚ್ಚಿ ಜಿಪ್ ಎಡಕ್ಕೆ ಎಳೆದೆ.

ಕಾರಿನಲ್ಲಿ ನನ್ನ ಗಂಡ ಮುಂದೆ, ನಾನೂ ನೆಗೆಣ್ಣಿಯೂ ಹಿಂದೆ. ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ನೆಗೆಣ್ಣಿ ಬೇರೆ ದಿನ ಕಾರು ಹತ್ತಿದರೆ ಬಾಯಿ ಮುಚ್ಚುವವಳಲ್ಲ. ಆವತ್ತು ಹೊಲಗಳನ್ನೇ ನೋಡುತ್ತ ಕೂತಿದ್ದಳು. ನಡುನಡುವೆ ಕಣ್ಣು ಮಾತ್ರ ಚೀಲದ ಮೇಲೆ ಬಂದು ಹೋಗುತ್ತಿತ್ತು. ಅವಳ ಸೀರೆಯ ಅಂಚು ಒಂದು ಗೇಣಿನಷ್ಟು ಒದ್ದೆಯಾಗಿ ಕಪ್ಪಗಾಗಿತ್ತು. ಮನೆಯಿಂದ ಕಾರಿಗೆ ನಾಲ್ಕು ಹೆಜ್ಜೆ, ಅಷ್ಟರಲ್ಲಿ ಅಷ್ಟು ನೆನೆಯುವುದಿಲ್ಲ.

"ಅಕ್ಕಾ, ಅದು ಬರೋಬ್ಬರಿ ಬಂದ್ ಅದಿಲ್ಲ?" ಎಂದಳು.

"ಯಾಕ ಕೇಳ್ತಿ?"

"ಸುಮ್ಮ ಕೇಳ್ದೆ."

"ಮುಂಜಾನಿ ಎಲ್ಲಿ ಹೋಗಿದ್ದಿ ನೀನು?"

"ನಾನಾ? ಎಲ್ಲೂ ಇಲ್ಲಲ್ಲ" ಎಂದು ಅವಳು ಕಿಟಕಿಯ ಕಡೆ ತಿರುಗಿದಳು. ಕಿವಿಯ ತುದಿ ಕೆಂಪಾಗಿತ್ತು.

ನಾನು ಗಂಡನಿಗೆ ಎಸಿ ಕಡಿಮೆ ಮಾಡಲು ಹೇಳಿದೆ. "ಕಡಿಮಿ ಮಾಡಿದ್ರ ಕಾಜಿಗಿ ಮಂಜು ಕೂಡ್ತದ, ದಾರಿ ಕಾಣಾಂಗಿಲ್ಲ. ನಿನಗ ಕ್ಯಾಮೆರಾ ಬೇಕೋ, ಗಂಡ ಬೇಕೋ?" ಎಂದರು ಅವರು. ಬೇರೆ ದಿನವಾದರೆ ನಗುತ್ತಿದ್ದ ನೆಗೆಣ್ಣಿ ಈ ಮಾತಿಗೂ ನಗಲಿಲ್ಲ.

ಕಮಲಾಪುರದಲ್ಲಿ ಬಸ್‌ಸ್ಟ್ಯಾಂಡಿನ ಎದುರು ಬಂಡಿಗಳ ಮೇಲೆ ಕೆಂಪು ಬಾಳೆಯ ಗೊನೆಗಳಿಗೆ ತಾಡಪತ್ರಿ ಹೊದಿಸಿದ್ದರು. ನಮ್ಮ ಮನೆಯ ಬಾಗಿಲಲ್ಲಿ ಅವ್ವ ರೊಟ್ಟಿಯ ಬುಟ್ಟಿ ಹಿಡಿದು ನಿಂತಿದ್ದಳು. ಬಂದ ಹೆಂಗಸರೆಲ್ಲ ಅದರಲ್ಲಿ ಮೊಬೈಲ್ ಹಾಕಿ ಒಳಗೆ ಹೋಗಬೇಕು.

"ಇದೇನ್ ಯವ್ವಾ, ಗುಡಿ ಮುಂದ ಚಪ್ಪಲ್ ಬಿಟ್ಟಂಗ?" ಎಂದಳು ಓಣಿಯ ಹೆಂಗಸೊಬ್ಬಳು.

"ಚಪ್ಪಲ್ ಯಾರೂ ಸ್ಟೇಟಸ್‌ಗಿ ಹಾಕಾಂಗಿಲ್ಲ. ಹಾಕು, ಹಾಕು" ಎಂದು ಅವ್ವ ಬುಟ್ಟಿ ಮುಂದೆ ಚಾಚಿದಳು.

ನಾನು ಚೀಲವನ್ನು ತೊಟ್ಟಿಲ ಕೋಣೆಯ ಗೂಡಿನಲ್ಲಿಟ್ಟು ಅರ್ಧ ತಾಸು ಕಾಯ್ದೆ. ಗಡಿಯಾರ ನೋಡಿಯೇ ಕಾಯ್ದೆ. ಕೋಣೆ ತುಂಬ ಹೆಂಗಸರು, ಊದಿನಕಡ್ಡಿ, ಆಗಷ್ಟೇ ಎರೆದ ಕೂಸಿನ ಬಿಸಿನೀರಿನ ಹಬೆ. ಪಕ್ಕದಲ್ಲೇ ಗುಗ್ಗರಿಯ ಪಾತ್ರೆಯ ಮುಚ್ಚಳ ತೆಗೆದಿದ್ದರು. ತಂಗಿ ಹಸಿರು ಸೀರೆಯುಟ್ಟು ತಲೆಗೆ ಬಟ್ಟೆ ಕಟ್ಟಿಕೊಂಡು ಕೂತಿದ್ದಳು. ಕೂಸಿನ ಮುಷ್ಟಿ ಅವಳ ಹೆಬ್ಬೆರಳು ಹಿಡಿದಿತ್ತು. ಅವಳು ಕೂಸನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದಳು.

ಕೂಸಿನ ಸೋದರತ್ತೆ ತೊಟ್ಟಿಲ ಮೇಲೆ ಬಗ್ಗಿದಳು. ನಮ್ಮ ಕಡೆ ಅವಳು ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳುವ ಆ ಗಳಿಗೆಗೆ ಸುತ್ತ ನಿಂತವರೆಲ್ಲ ಅವಳ ಬೆನ್ನಿಗೆ ಗುದ್ದುತ್ತಾರೆ. ಎಣಿಸಿ ಹತ್ತು ಉಸಿರಿನ ಕೆಲಸ. ನಾನು ಬೆಳ್ಳಿ ಚೀಲದ ಬಾಯಿ ತೆರೆದೆ.

ಮೊದಲು ಮೂಗಿಗೆ ಬಂದದ್ದು ಹಸಿ ವಾಸನೆ, ಮಳೆ ಬಿದ್ದ ಗಿಡದ ಬುಡದಂಥದ್ದು. ಆಮೇಲೆ ಕಂಡದ್ದು ಕಾಳುಗಳು. ಹಿಂದಿನ ಸಂಜೆ ಬೆಂಕಿಯಿಂದ ತೆಗೆದಾಗ ನೀಲಾಂಬರಿ ಹೂವಿನಂತಿದ್ದವು, ಈಗ ಪೇರಲ ಹಣ್ಣಿನ ತಿರುಳಿನಂತೆ ಗುಲಾಬಿ. ಒಂದೂ ಬಿಡದೆ. ಕ್ಯಾಮೆರಾ ಎತ್ತಿದೆ. ಕಾಜು ಬೆಳ್ಳಗಿತ್ತು. ಬ್ಯಾಗಿನಲ್ಲಿದ್ದ ಮೆತ್ತನೆಯ ಅರಿವೆಯಿಂದ ಒರೆಸಿದೆ. ಹೋಗಲಿಲ್ಲ, ಮಂಜು ಒಳಗಿತ್ತು.

"ಜೋರಾಗಿ ಗುದ್ರೇ, ಹೆಸರು ಮರೀಬಾರ್ದು!"

"ಅಯ್ಯಯ್ಯೋ, ಬೆನ್ನು ಮುರದ್ರಲ್ಲೇ! ಕೂಸಿನ ಹೆಸರಿಲೆ ಹಳೇ ಸಿಟ್ಟು ತೀರಿಸ್ಕೊಳಾಕತ್ತೀರೇನು?"

ನಗು, ಗುದ್ದು, ಕೂಸಿನ ಅಳು. ಗುಂಡಿ ಒತ್ತುತ್ತಲೇ ಇದ್ದೆ. ಮುಗಿಯಿತು. ತೆರೆಯಲ್ಲಿ ನೋಡಿದರೆ ಬಿಳಿಯ ಮೇಲೆ ಒಂದು ಹಸಿರು ಕಲೆ, ಅದು ತಂಗಿಯ ಸೀರೆ. ಕೂಸು ಇಲ್ಲವೇ ಇಲ್ಲ.

"ಅವ್ವಾ, ಇನ್ನೊಂದು ಸಲ ಹೇಳಿಸ್ಲಿಕ್ಕ ಆಗ್ತದೇನು?" ಎಂದು ಪಕ್ಕಕ್ಕೆ ಕರೆದು ಕೇಳಿದೆ.

"ಹೆಸರು ಎರಡೆರಡು ಸಲ ಇಡ್ತಾರೇನು ಹುಚ್ಚಿ? ಆತು ಬಿಡು, ದೇವರಿಗಿ ಬ್ಯಾಡಾಗಿತ್ತು."

ತಂಗಿ ತೊಟ್ಟಿಲ ಹಗ್ಗ ಹಿಡಿದಲ್ಲಿಂದಲೇ, "ಬಂತೇನಕ್ಕಾ?" ಎಂದಳು. "ನೋಡ್ತೀನಿ" ಎಂದೆ. ಒಂದು ತಾಸಿನ ಮೇಲೆ ಕಾಜು ತಾನಾಗಿ ತಿಳಿಯಾಯಿತು. ಕೂಸು ನಿದ್ದೆ ಮಾಡುವುದು, ತಂಗಿ ಗುಗ್ಗರಿ ತಿನ್ನುವುದು, ಎಲ್ಲವೂ ಚೆನ್ನಾಗಿಯೇ ಬಂದವು. ಅವಳು ಬೇಡಿದ್ದು ಅವನ್ನಲ್ಲ.

ಹಿತ್ತಲಿಗೆ ಹೋಗಿ ಬೆಳ್ಳಿ ಚೀಲವನ್ನು ತಲೆಕೆಳಗು ಮಾಡಿ ಕೊಡವಿದೆ. ಕಾಳಿನ ಗಂಟಿನ ಹಿಂದೆ ಇನ್ನೊಂದು ಸಣ್ಣ ಗಂಟು ಬಿತ್ತು. ಹೆಬ್ಬೆರಳಿನಷ್ಟು. ಒದ್ದೆ. ಹಳದಿ ಬಟ್ಟೆ, ಅದರ ಮೇಲೆ ಬಿಳಿ ಚುಕ್ಕೆ. ಆ ಚುಕ್ಕೆಯ ರವಿಕೆಯನ್ನು ನೆಗೆಣ್ಣಿ ಎರಡು ವರ್ಷ ತೊಟ್ಟು, ಹರಿದ ಮೇಲೆ ತುಂಡು ಮಾಡಿ ಒರೆಸುವ ಅರಿವೆ ಮಾಡಿದ್ದಳು. ನಮ್ಮ ಮನೆಯಲ್ಲಿ ಅಂಥ ತುಂಡು ಮಹಡಿಯ ಮೇಲಲ್ಲದೆ ಇನ್ನೆಲ್ಲಿಯೂ ಇಲ್ಲ.

ಮಾಟ ಮಂತ್ರವೆಂದರೆ ನಾನು ನಗುವವಳು. ಯಾರಾದರೂ ಬಾಗಿಲಿಗೆ ನಿಂಬೆಹಣ್ಣು ಕಟ್ಟಿದರೆ ಶರಬತ್ತಿಗಾದರೂ ಆಗುತ್ತಿತ್ತಲ್ಲ ಎನ್ನುವವಳು. ಆದರೂ ಆ ಗಂಟು ಬಿಚ್ಚಲು ನನ್ನ ಬೆರಳು ಮುಂದೆ ಬರಲಿಲ್ಲ. ಕರವಸ್ತ್ರದಲ್ಲಿ ಸುತ್ತಿ ಪರ್ಸಿನ ತಳಕ್ಕೆ ಹಾಕಿದೆ.

ಬಾಳೆಗಿಡಗಳ ಪಕ್ಕದ ನಳದ ಕೆಳಗೆ ನೆಗೆಣ್ಣಿ ಹಿತ್ತಾಳೆ ಪರಾತ ತೊಳೆಯುತ್ತಿದ್ದಳು. ಯಾರೂ ಹೇಳದೆಯೇ ಕೆಲಸಕ್ಕೆ ಕೂತಿದ್ದಳು. ಅದೂ ನನಗೆ ತಪ್ಪು ಮಾಡಿದವರ ವಿನಯದಂತೆ ಕಂಡಿತು.

"ನನ್ನ ಚೀಲ ಯಾರೋ ತೆಗದಾರ" ಎಂದೆ.

"ಹೌದಾ ಅಕ್ಕಾ?"

"ನೀ ಮುಟ್ಟಿಲ್ಲ?"

"ನಾ ಯಾಕ ಮುಟ್ಟಲಿ" ಎಂದಳು, ಪರಾತವನ್ನೇ ನೋಡುತ್ತ. ಆಮೇಲೆ ತಲೆಯೆತ್ತಿ, "ಫೋಟೋ ಬರಲಿಲ್ಲೇನು?" ಎಂದಳು.

ಆ ಕೇಳುವಿಕೆ ನನಗೆ ನಾಟಕವೆನಿಸಿತು. ನಾನು ಜೋರಾಗಿ ಮಾತಾಡುವವಳಲ್ಲ. ಆವತ್ತೂ ದನಿ ಏರಿಸಲಿಲ್ಲ. ಮೆತ್ತಗೆ, ಪಕ್ಕದಲ್ಲಿ ಯಾರಾದರೂ ಇದ್ದರೂ ಕೇಳಿಸದಷ್ಟು ಮೆತ್ತಗೆ ಅಂದೆ. "ನಿಮ್ಮ ತಮ್ಮಗ ಈ ಕೆಲಸ ಕೊಡಬೇಕಿತ್ತು. ಕೊಡಲಿಲ್ಲ. ಈಗ ಸಮಾಧಾನ ಆತಿಲ್ಲ?"

ಅವಳ ಕೈ ನಿಂತಿತು. ನಳದ ನೀರು ಪರಾತ ತುಂಬಿ ಹೊರಗೆ ಹರಿಯಿತು. "ಅಕ್ಕಾ" ಎಂದಳು, ಅಷ್ಟೇ. ಬಾಯಿ ಮತ್ತೊಮ್ಮೆ ತೆರೆದು ಮುಚ್ಚಿತು. ಹೇಳಲು ಏನೂ ಇಲ್ಲದವರು ಹೀಗೆಯೇ ಮಾಡುತ್ತಾರೆಂದು ನಾನು ಒಳಗೆ ಬಂದೆ.

ವಾಪಸು ಬರುವಾಗ ಅವ್ವ ಕೊಟ್ಟ ಕೆಂಪು ಬಾಳೆಯ ಚಿಪ್ಪುಗಳು ನಮ್ಮಿಬ್ಬರ ನಡುವೆ ಕೂತಿದ್ದವು. ಅವಳು ಆ ಬಾಗಿಲಿಗೆ ಒತ್ತಿಕೊಂಡು, ನಾನು ಈ ಬಾಗಿಲಿಗೆ. ನನ್ನ ಗಂಡ ಕನ್ನಡಿಯಲ್ಲಿ ಎರಡು ಸಲ ನೋಡಿ, ರೇಡಿಯೊ ಹಾಕಿ, ಮತ್ತೆ ಆರಿಸಿದರು.

ಮನೆಗೆ ಬಂದ ಮೇಲೆ ಅವಳು ಚಹಾ ಇಡಲೇನು ಎಂದು ಕೇಳದೆ ಮೇಲೆ ಹತ್ತಿದಳು. ಏಳು ವರ್ಷದಲ್ಲಿ ಇದು ಮೊದಲು. ನಾನು ಮಹಡಿಯ ಮೆಟ್ಟಿಲ ಬಾಗಿಲನ್ನು ನನ್ನ ಕಡೆಯಿಂದ ಮುಚ್ಚಿ ಅಗಳಿ ಹಾಕಿದೆ. ಅದೂ ಏಳು ವರ್ಷದಲ್ಲಿ ಮೊದಲು. ಅಗಳಿ ತುಕ್ಕು ಹಿಡಿದು ಬಿಗಿದಿತ್ತು, ಮಸಾಲೆ ಅರೆಯುವ ಗುಂಡುಕಲ್ಲಿನಿಂದ ಎರಡೇಟು ಹಾಕಬೇಕಾಯಿತು. ಆ ಸದ್ದು ಮೇಲೆ ಕೇಳಿಸಿರಲೇಬೇಕು. ಮೈದುನ ಕೆಲಸದಿಂದ ಬಂದ ಮೇಲೆ ಅವನಿಗೆ ಗಂಟು ತೋರಿಸಿ ಎಲ್ಲವನ್ನೂ ಹೇಳುವುದೆಂದು ಗಟ್ಟಿಮಾಡಿಕೊಂಡೆ.

ಮಳೆ ನಿಂತು ಸಂಜೆಯ ಬೆಳಕು ಇನ್ನೂ ಉಳಿದಿತ್ತು. ಸಣ್ಣ ಗ್ಯಾಸ್ ಒಲೆಯನ್ನು ಹಿತ್ತಲ ಕಟ್ಟೆಯ ಮೇಲೆ ಇಟ್ಟು, ಹಿಡಿ ಮುರಿದ ತವೆಯಲ್ಲಿ ಗುಲಾಬಿ ಕಾಳು ಕಾಸಲು ಕೂತೆ. ಅಂಚಿನವು ಮೊದಲು ಬಣ್ಣ ತಿರುಗಿದವು. ಗೋಡೆಯ ಆಚೆ ಪಕ್ಕದ ಮನೆಯ ಅಜ್ಜಿ ತಮ್ಮ ಬಿಲ್ವದ ಗಿಡದ ಕೆಳಗೆ ಬಿದ್ದ ಎಲೆ ಗುಡಿಸುತ್ತಿದ್ದರು. ಶ್ರಾವಣ ತುಂಬ ಬೆಳಗಿನ ಜಾವ ಅವರ ಮನೆಯಲ್ಲಿ ಲಿಂಗಕ್ಕೆ ಅಭಿಷೇಕ ನಡೆಯುತ್ತದೆ. ಕಸಬರಿಗೆ ನಿಲ್ಲಿಸಿ ಗೋಡೆಗೆ ಮೊಣಕೈ ಊರಿ ನನ್ನ ತವೆಯನ್ನು ನೋಡಿದರು.

"ಬಂದ್ರೇನ್ರೀ ಕಮಲಾಪುರದಿಂದ? ಕೂಸಿನ ಫೋಟೋ ಛಲೋ ಬಂದಾವಿಲ್ಲ? ಬರ್ದೇ ಏನ್ರೀ, ನಿಮ್ಮ ನೆಗೆಣ್ಣಿ ಐದಕ್ಕೇ ಮಳ್ಯಾಗ ನೆನಕೋತ ಬಂದು ಅಭಿಷೇಕದ ಪತ್ರಿ ಇಸ್ಕೊಂಡು ಹೋಗ್ಯಾಳ. ಅಕ್ಕನ ಕ್ಯಾಮೆರಾದಾಗ ಇಡ್ತೀನ್ರೀ, ಕೂಸಿಗಿ ದೃಷ್ಟಿ ಆಗಬಾರ್ದು, ಅಕ್ಕನ ಕೈ ಸೋಲಬಾರ್ದು ಅಂದ್ಲು. ಬಾಯಿ ಬಿಟ್ರ ಫಲ ಹೋಗ್ತದ, ಸಂಜಿತನಾ ಯಾರಿಗೂ ಹೇಳಬ್ಯಾಡ ಅಂತ ನಾನೇ ಹೇಳಿ ಕಳಸೀನಿ. ನೀರು ತಟತಟ ಸೋರಾಕತ್ತಿತ್ತು, ಒರಸ್ಕೊಂಡರ ಹೋಗವ್ವಾ ಅಂದ್ರ, ಒರಸಿದ್ರ ತೀರ್ಥ ಹೋಗ್ತದ್ರೀ ಅಂತ ಹಂಗೇ ಅರಿವ್ಯಾಗ ಕಟ್ಕೊಂಡು ಓಡಿದ್ಲು ನೋಡ್ರಿ, ಹುಚ್ಚಿ. ಅಯ್ಯ, ಅದೇನ್ ತವಾದಾಗ, ಹೊತ್ತಾಕತ್ತದ ನೋಡ್ರಿ."